ಓಪನ್ ರೈಲ್ಸ್: ವೈಪಿ ಎಂಜಿನ್ ಎಷ್ಟು ಬೋಗಿ ಎಳೆದೀತು ಎಂಬ ಲೆಕ್ಕಕ್ಕೆ ಇದನ್ನು ಎಷ್ಟು ನೆಚ್ಚಬಹುದು?

ಹಬೆ ಎಂಜಿನ್ನಿನ ಮಾತು ಬಂದರೆ ಮೊದಲ ಪ್ರಶ್ನೆಯೇ ‘ಎಷ್ಟು ಎಳೆಯುತ್ತೆ?’ ಅದಕ್ಕೆ ಎಲ್ಲ ಕಡೆ ಸಿಗುವ ಉತ್ತರ ಒಂದೇ ಒಂದು ಅಂಕಿ, ಟ್ರ್ಯಾಕ್ಟಿವ್ ಎಫರ್ಟ್. ಅದು ನಿಂತ ಎಂಜಿನ್ ಗಾಲಿಯ ಅಂಚಿನಲ್ಲಿ ಹಾಕಬಲ್ಲ ಬಲವೇ ಹೊರತು ಹೊರೆಯಲ್ಲ. ಹೊರೆ ತಿಳಿಯಬೇಕಾದರೆ ಹಳಿಯ ಹಿಡಿತ, ಬಾಯ್ಲರಿನ ಹಬೆ, ಏರಿನ ಕಡಿದು, ಬೋಗಿಯ ಬೇರಿಂಗ್, ವೇಗ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಹಾಗೆ ಒಟ್ಟಿಗೆ ನೋಡುವ, ದುಡ್ಡು ಕೊಡಬೇಕಿಲ್ಲದ ತಂತ್ರಾಂಶ ಓಪನ್ ರೈಲ್ಸ್. ಮೈಕ್ರೋಸಾಫ್ಟ್ 2001ರಲ್ಲಿ ತಂದ ಟ್ರೇನ್ ಸಿಮ್ಯುಲೇಟರ್ ಆಟದ ಕಡತಗಳನ್ನು ಓದಿ ಓಡಿಸಲೆಂದು ಆಸಕ್ತರು ಕಟ್ಟಿದ ಮುಕ್ತ ತಂತ್ರಾಂಶ ಇದು. ಆಟವಾಗಿ ಹೇಗಿದೆ ಎಂಬುದು ಈ ವಿಮರ್ಶೆಯ ವಿಷಯವಲ್ಲ. ಅಳತೆಗೋಲಾಗಿ ಇದು ಎಷ್ಟು ನೆಟ್ಟಗಿದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಮೊದಲೇ ಹೇಳಿಬಿಡುವುದಾದರೆ, ಐದಕ್ಕೆ ನಾಲ್ಕು ಕೊಡಬಹುದು. ಒಳಗಿನ ಭೌತಶಾಸ್ತ್ರ ಗಟ್ಟಿ, ಅದಕ್ಕೆ ಉಣಿಸುವ ಅಂಕಿಗಳು ಬಹುಪಾಲು ಜೊಳ್ಳು. ಹಾಗಾಗಿ ಕೈಲೆಕ್ಕ ಮಾಡಿಕೊಳ್ಳದೆ ಇದನ್ನು ತೆರೆಯಲೇಬಾರದು.

ಪರೀಕ್ಷೆಗೆ ವೈಪಿ ವರ್ಗವನ್ನು ತೆಗೆದುಕೊಳ್ಳೋಣ. ಮೀಟರ್ ಗೇಜಿನ ಪ್ರಯಾಣಿಕ ಗಾಡಿಗಳಿಗೆಂದೇ ಸ್ವಾತಂತ್ರ್ಯದ ಆಸುಪಾಸಿನಲ್ಲಿ ರೂಪಿಸಿದ 4-6-2 ಎಂಜಿನ್ (ಮುಂದೆ ನಾಲ್ಕು ಗಾಲಿ, ನಡುವೆ ಆರು ಚಾಲಕ ಗಾಲಿ, ಹಿಂದೆ ಎರಡು). ಮೊದಲ ಕಂತು 1949ರಲ್ಲಿ ಅಮೆರಿಕದ ಬಾಲ್ಡ್‌ವಿನ್‌ನಿಂದ ಬಂತು, ಆಮೇಲೆ ಜಮ್‌ಶೆಡ್‌ಪುರದ ಟೆಲ್ಕೊ 1970ರವರೆಗೂ ಕಟ್ಟಿತು. ಕರ್ನಾಟಕದ ಮೀಟರ್ ಗೇಜ್ ಹಳಿಗಳ ಮೇಲೂ ಓಡಿದ ಎಂಜಿನ್ ಇದು. ಸಿಲಿಂಡರ್ ಎರಡು, ವ್ಯಾಸ 15¼ ಅಂಗುಲ, ಪಿಸ್ಟನ್ ಓಟ 24 ಅಂಗುಲ, ಚಾಲಕ ಗಾಲಿ 54 ಅಂಗುಲ, ಬಾಯ್ಲರ್ ಒತ್ತಡ ಚದರ ಅಂಗುಲಕ್ಕೆ 210 ಪೌಂಡ್, ಕಲ್ಲಿದ್ದಲು ಉರಿಯುವ ಜಾಲರಿ, ಅಂದರೆ ಗ್ರೇಟ್ 28 ಚದರ ಅಡಿ, ಅಚ್ಚಿನ ಭಾರ ಹತ್ತೂವರೆ ಟನ್. ಈ ಏಳು ಅಂಕಿಗಳು ಕೈಯಲ್ಲಿದ್ದರೆ ಮುಕ್ಕಾಲು ಕೆಲಸ ಆದಂತೆ.

ಮೊದಲು ಕೈಲೆಕ್ಕ.

ಒತ್ತಡದ ನೂರಕ್ಕೆ 85 ಭಾಗವನ್ನು ಸಿಲಿಂಡರ್ ವ್ಯಾಸದ ವರ್ಗದಿಂದ, ಆಮೇಲೆ ಪಿಸ್ಟನ್ ಓಟದಿಂದ ಗುಣಿಸಿ, ಗಾಲಿಯ ವ್ಯಾಸದಿಂದ ಭಾಗಿಸಿ. ಪೌಂಡ್–ಅಂಗುಲದಲ್ಲಿ 18,450 ಪೌಂಡ್ ಬರುತ್ತದೆ, ಮೆಟ್ರಿಕ್‌ನಲ್ಲಿ 8,369 ಕೆ.ಜಿ. ಬಲ, ಅಂದರೆ 82 ಕಿಲೋನ್ಯೂಟನ್. ಈ 82 ಎಂಬುದನ್ನು ನೆನಪಿಡಿ, ಮುಂದೆ ತಂತ್ರಾಂಶವನ್ನು ಹಿಡಿದು ಕೇಳಲು ಬೇಕಾಗುತ್ತದೆ.

ಇನ್ನು ಹಿಡಿತ. ಮೂರು ಚಾಲಕ ಅಚ್ಚುಗಳ ಮೇಲೆ ಒಟ್ಟು 31.5 ಟನ್. ಒಣ ಹಳಿ, ಗಾಲಿ ಜಾರದಂತೆ ಬಿಡುವ ಮರಳು ಸರಿಯಾಗಿ ಬೀಳುತ್ತಿದ್ದರೆ ಅದರ ಕಾಲು ಭಾಗ ಹಿಡಿತವೆಂದು ನಂಬಬಹುದು, 7,875 ಕೆ.ಜಿ. ಆಯಿತು. ಸಿಲಿಂಡರ್ ಕೊಡುವ 8,369ಕ್ಕಿಂತ ಇದೇ ಕಡಿಮೆ. ಅಂದರೆ ಪೂರ್ತಿ ಗೇರಿನಲ್ಲಿ (ಸಿಲಿಂಡರಿಗೆ ಹಬೆ ಅತಿ ಹೆಚ್ಚು ಹೊತ್ತು ಹೋಗುವಂತೆ ಇಟ್ಟು) ರೆಗ್ಯುಲೇಟರ್, ಅಂದರೆ ಹಬೆಯ ಕವಾಟ ಬಿಚ್ಚಿಟ್ಟರೆ ವೈಪಿ ಗಾಲಿ ಜಾರಿಸುತ್ತದೆ, ಎಳೆಯುವುದಿಲ್ಲ. ಹಳಿ ತೇವವಾಗಿದ್ದರೆ ಹಿಡಿತ 0.18ಕ್ಕೆ ಇಳಿದು 5,670 ಕೆ.ಜಿ. ಉಳಿಯುತ್ತದೆ. ಅದೂ ಅಲ್ಲದೆ ಎರಡು ಸಿಲಿಂಡರಿನ ಎಂಜಿನ್ನಿನ ಎಳೆತ ಒಂದು ಸುತ್ತಿನೊಳಗೇ ಏರಿಳಿಯುತ್ತದೆ. ಸರಾಸರಿ ಹಿಡಿತದೊಳಗಿದ್ದರೂ ಶಿಖರ ಬಿಂದುವಿನಲ್ಲಿ ಗಾಲಿ ಕಳಚಿಕೊಳ್ಳಬಹುದು. ಹಾಗಾಗಿ ಕಾಲು ಭಾಗ ಎನ್ನುವುದೇ ಉದಾರ ಅಂದಾಜು.

ಈಗ ವೈಪಿಯನ್ನು ಕ್ಯಾಸಲ್‌ರಾಕ್ ಘಟ್ಟಕ್ಕೆ ಹಚ್ಚೋಣ. ಗೋವೆಯ ಕುಳೆಯಿಂದ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ಗೆ ಹತ್ತುವ ಹಳಿ, ದೂಧಸಾಗರ ಜಲಪಾತದ ಎದುರಿಗೇ ಹೋಗುತ್ತದಲ್ಲ, ಅದು. ಅಲ್ಲಿನ ಏರು 37ಕ್ಕೆ 1. ವೈಪಿ ಘಟ್ಟಕ್ಕೆಂದು ಮಾಡಿದ ಎಂಜಿನ್ ಅಲ್ಲ ಎನ್ನುವುದು ಸರಿಯೇ. ಆದರೆ ಎಂಜಿನ್ನಿನ ಬಣ್ಣ ಬಯಲಾಗುವುದು ಇಂಥ ಕಡೆಯಲ್ಲೇ.

37ಕ್ಕೆ 1 ಎಂದರೆ ಟನ್ನಿಗೆ 27 ಕೆ.ಜಿ. ಎಳೆತ ಏರಿಗೇ ಹೋಯಿತು. ತಿರುವಿಗೆ ಭಾರತೀಯ ರೈಲ್ವೆಯ ಲೆಕ್ಕ ಮೀಟರ್ ಗೇಜಿನಲ್ಲಿ ಪ್ರತಿ ಡಿಗ್ರಿಗೆ 0.03 ಶೇಕಡಾ ಏರಿನ ಸಮ. 8 ಡಿಗ್ರಿ ತಿರುವು, ಅಂದರೆ ಸುಮಾರು 219 ಮೀಟರ್ ತ್ರಿಜ್ಯ ಎಂದು ಹಿಡಿದರೆ ಟನ್ನಿಗೆ 2.4 ಕೆ.ಜಿ. ರೋಲರ್ ಇಲ್ಲದ ಹಳೆಯ ಮಾದರಿಯ ಬೇರಿಂಗಿನ ಬೋಗಿ ನಿಧಾನವಾಗಿ ಉರುಳಲು ಟನ್ನಿಗೆ 3 ಕೆ.ಜಿ. ಒಟ್ಟು ಬೋಗಿಗೆ ಟನ್ನಿಗೆ 32.4. ಎಂಜಿನ್ನಿಗೆ ರಾಡು, ಕ್ರಾಸ್‌ಹೆಡ್‌ಗಳ ತಿಕ್ಕಾಟವೂ ಸೇರಿ 36.4. ಕಲ್ಲಿದ್ದಲು, ನೀರು ಹೊರುವ ಟೆಂಡರ್ ಸಮೇತ ಎಂಜಿನ್ 100 ಟನ್ ಎಂದಿಟ್ಟುಕೊಂಡರೆ ತನ್ನನ್ನು ತಾನು ಹೊತ್ತುಕೊಳ್ಳಲಿಕ್ಕೇ 3,640 ಕೆ.ಜಿ. ಖರ್ಚು.

ಒಣ ಹಳಿಯಲ್ಲಿ ಉಳಿಯುವುದು 4,235. ಅದನ್ನು 32.4ರಿಂದ ಭಾಗಿಸಿದರೆ 131 ಟನ್. ಜನ ತುಂಬಿದ ಮೀಟರ್ ಗೇಜ್ ಬೋಗಿಯನ್ನು 32 ಟನ್ ಎಂದುಕೊಂಡರೆ ನಾಲ್ಕು ಬೋಗಿ. ತೇವದ ಹಳಿಯಲ್ಲಿ 62.7 ಟನ್. ಎರಡು ಬೋಗಿಗೆ 64 ಬೇಕು, ಕೂದಲೆಳೆಯಷ್ಟು ಕಮ್ಮಿ! ಹಿಡಿತ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಇಳಿದದ್ದಕ್ಕೆ ಹೊರೆ ಅರ್ಧಕ್ಕೂ ಕೆಳಗೆ ಬಂತು. ಕಾರಣ, ಕಳೆದುಹೋದದ್ದಷ್ಟೂ ಬೋಗಿಯ ಪಾಲಿನದು. ಎಂಜಿನ್ ತನ್ನ 3,640ರಲ್ಲಿ ಒಂದು ಕೆ.ಜಿ.ಯನ್ನೂ ಬಿಟ್ಟುಕೊಡುವುದಿಲ್ಲ. ಘಟ್ಟದಲ್ಲಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಏಕೆ ಬೇಕು ಎನ್ನುವುದಕ್ಕೆ ಇಷ್ಟು ಸಾಕು.

ಇನ್ನೂ ಒಂದು ಹೆಜ್ಜೆಯಿದೆ, ಬಹಳ ಮಂದಿ ಅದನ್ನು ಹಾರಿಸಿಬಿಡುತ್ತಾರೆ. ಉರುಳುತ್ತಿರುವ ಬೋಗಿ ಬೇರೆ, ನಿಂತ ಬೋಗಿ ಬೇರೆ. ಹಳೆಯ ಬೇರಿಂಗಿನಲ್ಲಿ ಅಚ್ಚು ನಿಂತೊಡನೆ ಎಣ್ಣೆಯ ಪದರ ಹಿಂಡಿ ಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಮತ್ತೆ ಕದಲಿಸಲು ಟನ್ನಿಗೆ 3 ಸಾಲದು, 9 ಬೇಕು. ಆಗ ಬೋಗಿಗೆ 38.4, ಎಂಜಿನ್ನಿಗೆ 39.4. ಒಣ ಹಳಿಯಲ್ಲೂ 102 ಟನ್, ಮೂರೇ ಬೋಗಿ. ನಾಲ್ಕು ಬೋಗಿ ಕಟ್ಟಿಕೊಂಡು ಓಡುತ್ತಿರುವ ತನಕ ಸರಿ. ನಡುವೆ ಸಿಗ್ನಲ್ ಕೆಂಪಾಗಿ ನಿಂತರೆ ಅಲ್ಲೇ ನಿಂತಂತೆ. ಆದ್ದರಿಂದ ಘಟ್ಟದ ಹೊರೆಯ ಅಂಕಿ ಹೇಳುವಾಗ ‘ಓಡುತ್ತಾ’ ಎಂದೋ ‘ನಿಂತಲ್ಲಿಂದ’ ಎಂದೋ ಹೇಳಲೇಬೇಕು. ಹೇಳದ ಅಂಕಿ ಯಾವ ಕೆಲಸಕ್ಕೂ ಬಾರದು.

ಬಯಲಿಗೆ ಇಳಿದರೆ ಹಳಿಯ ಚಿಂತೆ ಹೋಗಿ ಬಾಯ್ಲರಿನ ಚಿಂತೆ ಶುರು. 28 ಚದರ ಅಡಿ ಗ್ರೇಟ್ ಎಂದರೆ 2.6 ಚದರ ಮೀಟರ್. ಚದರ ಮೀಟರಿಗೆ ಗಂಟೆಗೆ 400 ಕೆ.ಜಿ. ಕಲ್ಲಿದ್ದಲು ಸುಟ್ಟರೆ 1,040 ಕೆ.ಜಿ. ಒಬ್ಬ ಫೈರ್‌ಮನ್ ಸಲಿಕೆ ಹಿಡಿದು ಹೊತ್ತುಗಟ್ಟಲೆ ಎರಚಬಲ್ಲ ಪ್ರಮಾಣ ಇದು. ಕೆ.ಜಿ.ಗೆ ಆರೂವರೆ ಕೆ.ಜಿ. ನೀರು ಹಬೆಯಾದರೆ ಗಂಟೆಗೆ 6,760 ಕೆ.ಜಿ. ಹಬೆ. ಸೂಪರ್‌ಹೀಟ್ ಆದ, ಅಂದರೆ ಮತ್ತಷ್ಟು ಕಾಯಿಸಿದ ಹಬೆಯನ್ನು ಹದವಾಗಿ ಖರ್ಚು ಮಾಡಿದರೆ ಗಂಟೆಗೆ ಒಂದು ಅಶ್ವಶಕ್ತಿಗೆ 8 ಕೆ.ಜಿ., ಹೀಗಾಗಿ 845 ಅಶ್ವಶಕ್ತಿ. ಇದನ್ನು 270ರಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಆ ವೇಗದಲ್ಲಿ ಸಿಗುವ ಎಳೆತ. 40 ಕಿ.ಮೀ. ವೇಗದಲ್ಲಿ 5,704 ಕೆ.ಜಿ., 60ರಲ್ಲಿ 3,800.

ನೂರಕ್ಕೆ 1ರ ನೇರ ಏರಿನಲ್ಲಿ 40 ಕಿ.ಮೀ. ವೇಗ ಕಾಯ್ದುಕೊಳ್ಳಬೇಕೆಂದರೆ ಸುಮಾರು 280 ಟನ್, ಎಂಟು ಬೋಗಿ. ಅದೇ ಏರಿನಲ್ಲಿ 60 ಬೇಕೆಂದರೆ 119 ಟನ್, ಮೂರು ಬೋಗಿ. ವೇಗ ಒಂದೂವರೆ ಪಟ್ಟಾಯಿತು, ಹೊರೆ ಅರ್ಧವೂ ಉಳಿಯಲಿಲ್ಲ. ಸಮತಟ್ಟಿನಲ್ಲಿ 60ರಲ್ಲಿ ಹದಿನೇಳು ಬೋಗಿ ಎಳೆಯುವ ಎಂಜಿನ್ ಇದೇ. ಬೂದಿ ಹೆಚ್ಚಿರುವ ಕಲ್ಲಿದ್ದಲು ಬಂದು ಆರೂವರೆಯ ಬದಲು ಐದೇ ಕೆ.ಜಿ. ನೀರು ಹಬೆಯಾದರೆ 845 ಹೋಗಿ 650 ಆಗುತ್ತದೆ. ಎಂಟು ಬೋಗಿ ಐದಕ್ಕೆ ಇಳಿಯುತ್ತದೆ. ಟ್ರ್ಯಾಕ್ಟಿವ್ ಎಫರ್ಟ್ ಅಂಕಿ ಮಾತ್ರ ಅಲ್ಲಾಡದೆ 18,450 ಎಂದೇ ಹೇಳುತ್ತಿರುತ್ತದೆ. ಸಿಲಿಂಡರ್ ದೊಡ್ಡದು ಮಾಡಿ ಬಾಯ್ಲರ್ ಚಿಕ್ಕದಿಟ್ಟ ಎಂಜಿನ್ನುಗಳೂ ಇವೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಕೈಲೆಕ್ಕ ಎಡವುವುದು ನಡುವಿನ ವೇಗಗಳಲ್ಲಿ. ಮೇಲಿನ ಲೆಕ್ಕದ ಪ್ರಕಾರ ಹಿಡಿತದ ಗೆರೆ, ಬಾಯ್ಲರಿನ ಗೆರೆ ಎರಡೂ ಸುಮಾರು 29 ಕಿ.ಮೀ. ವೇಗದಲ್ಲಿ ಸಂಧಿಸುತ್ತವೆ. ಅದು ಸುಳ್ಳು. ಹದವಾಗಿ ಖರ್ಚು ಮಾಡಿದರೆ 8 ಕೆ.ಜಿ. ಎಂದಿದ್ದೆವಲ್ಲ, ಪೂರ್ತಿ ಗೇರಿನಲ್ಲಿ ಹದವೆಲ್ಲಿ ಬಂತು? 75 ಶೇಕಡಾ ಕಟ್‌-ಆಫ್ ಇಟ್ಟರೆ (ಪಿಸ್ಟನ್ ಓಟದ ಮುಕ್ಕಾಲು ಭಾಗದವರೆಗೆ ಹಬೆ ಬಿಟ್ಟರೆ) ಗಾಲಿಯ ಒಂದೊಂದು ಸುತ್ತಿಗೆ ನಾಲ್ಕು ಸಲ ಸಿಲಿಂಡರ್ ತುಂಬಿ ಹತ್ತಿರ ಹತ್ತಿರ 1.3 ಕೆ.ಜಿ. ಹಬೆ ಹೋಗುತ್ತದೆ. 20 ಕಿ.ಮೀ. ವೇಗದಲ್ಲಿ ಗಾಲಿ ಸೆಕೆಂಡಿಗೆ 1.3 ಸುತ್ತು ತಿರುಗುತ್ತದೆ. ಗಂಟೆಗೆ ಆರು ಸಾವಿರ ಕೆ.ಜಿ. ದಾಟಿತು, ಅಂದರೆ ಬಾಯ್ಲರ್ ಕೊಡುವುದರಲ್ಲಿ ನೂರಕ್ಕೆ ತೊಂಬತ್ತು ಭಾಗ ಬರೀ 20 ಕಿ.ಮೀ. ವೇಗಕ್ಕೇ ಖಾಲಿ. ಹಾಗಾಗಿ ನಿಜವಾದ ಸಂಧಿ 29ಕ್ಕಿಂತ ಸಾಕಷ್ಟು ಕೆಳಗೆ, ಇಪ್ಪತ್ತರ ಮೇಲೆ ಸ್ವಲ್ಪ. ಅಲ್ಲಿಂದ 40ರವರೆಗೆ ಕಟ್‌-ಆಫ್ ಎಷ್ಟಕ್ಕೆ ಇಳಿಸಿದರೆ ಎಷ್ಟು ಎಳೆತ, ಎಷ್ಟು ಹಬೆ ಎಂಬುದನ್ನು ಕಾಗದದ ಮೇಲೆ ಬಿಡಿಸುತ್ತಾ ಕೂತರೆ ಒಂದು ದಿನ ಸಾಲದು.

ಓಪನ್ ರೈಲ್ಸ್ ಬೆಲೆಬಾಳುವುದು ಇಲ್ಲೇ. ಹಬೆಯ ಒತ್ತಡ, ಕಟ್‌-ಆಫ್, ಪಿಸ್ಟನ್ ವೇಗ, ಬೆಂಕಿಯ ಗಾತ್ರ, ಬಾಯ್ಲರಿನಲ್ಲಿ ಹಬೆಯಾಗುವ ನೀರು, ಇಂಜೆಕ್ಟರ್ ತಣ್ಣೀರು ತಳ್ಳಿದಾಗ ಇಳಿಯುವ ಒತ್ತಡ, ಎಲ್ಲವನ್ನೂ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತಲೇ ಇರುತ್ತದೆ. ಎಫ್5 ಒತ್ತಿದರೆ ಅಂಕಿಗಳ ಪರದೆ ತೆರೆಯುತ್ತದೆ, ಶಿಫ್ಟ್ ಹಿಡಿದು ಎಫ್5 ಒತ್ತುತ್ತಾ ಹೋದರೆ ಪುಟ ಬದಲಾಗುತ್ತದೆ. ಎಂಜಿನ್ ಮಾಹಿತಿಯ ಪುಟದಲ್ಲಿ ಗಂಟೆಗೆ ಹುಟ್ಟುತ್ತಿರುವ ಹಬೆ, ಖರ್ಚಾಗುತ್ತಿರುವ ಹಬೆ, ಸಿಲಿಂಡರಿನ ಶಕ್ತಿ, ಕೊಂಡಿಯಲ್ಲಿ ಸಿಗುವ ಶಕ್ತಿ ಪಕ್ಕಪಕ್ಕದಲ್ಲೇ ಇವೆ. ಸಿಲಿಂಡರಿನದಕ್ಕೂ ಕೊಂಡಿಯದಕ್ಕೂ ಇರುವ ಅಂತರ ನೋಡುತ್ತಾ ಏರು ಹತ್ತಿಸಿದರೆ, ಎಂಜಿನ್ ತನ್ನ ಮೈಯನ್ನೇ ಹೊರಲು ಎಷ್ಟು ತಿನ್ನುತ್ತದೆ ಎನ್ನುವುದು ಕಣ್ಣಿಗೆ ಕಾಣುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಆಟಗಳಲ್ಲೂ ಇಷ್ಟು ಬಿಚ್ಚಿ ತೋರಿಸುವುದು ಅಪರೂಪ.

ತೊಡಕು ಇರುವುದು ಅನುಸ್ಥಾಪನೆಯಲ್ಲಲ್ಲ, ಎಂಜಿನ್ ಕಡತದಲ್ಲಿ. ತಂತ್ರಾಂಶ ಕೊಡುವುದು ಓಡಿಸುವ ಯಂತ್ರವನ್ನು. ಮಾರ್ಗ, ಎಂಜಿನ್, ಬೋಗಿಗಳನ್ನು ಬೇರೆ ಕಡೆಯಿಂದ ಇಳಿಸಿಕೊಳ್ಳಬೇಕು. ಅವುಗಳನ್ನು ಮಾಡಿದವರ ಗಮನವೆಲ್ಲ ಬಣ್ಣ, ಆಕಾರ, ಶಿಳ್ಳೆಯ ದನಿಯ ಮೇಲೆ. ಅಂಕಿಗಳು ಇನ್ಯಾವುದೋ ಎಂಜಿನ್ನಿನಿಂದ ನಕಲಾಗಿ ಬಂದಿರುತ್ತವೆ. ಮೂಲ ಕಡತವನ್ನು ತಿದ್ದಲು ಹೋಗಬೇಡಿ. ಎಂಜಿನ್ನಿನ ಫೋಲ್ಡರ್ ಒಳಗೆ ‘ಓಪನ್‌ರೈಲ್ಸ್’ ಎಂಬ ಹೆಸರಿನ ಇನ್ನೊಂದು ಫೋಲ್ಡರ್ ಮಾಡಿ, ಅದರಲ್ಲಿ ಅದೇ ಹೆಸರಿನ ಕಡತ ಇಟ್ಟು, ಇನ್‌ಕ್ಲೂಡ್ ಸಾಲಿನಲ್ಲಿ ಮೂಲ ಕಡತವನ್ನು ಕರೆದು, ಕೆಳಗೆ ನಿಮ್ಮ ಅಂಕಿಗಳನ್ನಷ್ಟೇ ಬರೆದರೆ ಸಾಕು. ಆ ಕಡತದ ಮೊದಲ ಸಾಲು ಖಾಲಿ ಇರಲೇಬೇಕು. ಬಿಡದಿದ್ದರೆ ಬರೆದದ್ದೆಲ್ಲ ನೀರಿನಲ್ಲಿ ಹೋಮ. ಎಲ್ಲ ಸರಿಯಿದ್ದೂ ಏನೂ ಬದಲಾಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವ ಮುಂಚೆ ಇದನ್ನು ನೋಡಿ.

ಅತಿ ಹೆಚ್ಚು ಕೆಡುವ ಸಾಲು ‘ವೀಲ್ ರೇಡಿಯಸ್’. ಹೆಸರೇ ಹೇಳುವಂತೆ ಅದು ತ್ರಿಜ್ಯ. ವೈಪಿಗೆ 27 ಅಂಗುಲ, 54 ಅಲ್ಲ. ಆದರೆ ಎಂಜಿನ್ ಪುಸ್ತಕಗಳೆಲ್ಲ ವ್ಯಾಸವನ್ನೇ ಕೊಡುವುದರಿಂದ ಕೈ ತಪ್ಪುತ್ತದೆ, ಎಳೆತ ಅರ್ಧಕ್ಕೆ ಬೀಳುತ್ತದೆ. ಇದೇ ಹೆಸರಿನ ಸಾಲು ಒಂದೇ ಕಡತದಲ್ಲಿ ಎರಡು ಕಡೆ ಇರುತ್ತದೆ. ವ್ಯಾಗನ್ ಭಾಗದಲ್ಲಿರುವುದು ಸಣ್ಣ ಗಾಲಿಗಳದು, ಎಂಜಿನ್ ಭಾಗದಲ್ಲಿರುವುದು ಚಾಲಕ ಗಾಲಿಯದು. ಅದಲು ಬದಲಾದರೆ ವೈಪಿ ಅಸಂಬದ್ಧ ಬಲಶಾಲಿಯಾಗುತ್ತದೆ. ಅಳತೆಯ ಮಾನ ಬರೆಯದೆ ಬರೀ 15.25 ಎಂದು ಬಿಟ್ಟರೆ ತಂತ್ರಾಂಶ ಅದನ್ನು ಮೀಟರ್ ಎಂದು ಓದಿಕೊಳ್ಳುತ್ತದೆ. ಹದಿನೈದು ಮೀಟರ್ ವ್ಯಾಸದ ಸಿಲಿಂಡರ್! ಟನ್ನಿನಲ್ಲೂ ಬ್ರಿಟಿಷ್ ಟನ್, ಮೆಟ್ರಿಕ್ ಟನ್ ಬೇರೆ ಬೇರೆ. ಹತ್ತೂವರೆ ಬ್ರಿಟಿಷ್ ಟನ್ ಎಂದರೆ ಮೆಟ್ರಿಕ್‌ನಲ್ಲಿ 10.67. ವ್ಯತ್ಯಾಸ ನೂರಕ್ಕೆ ಎರಡೂ ಇಲ್ಲ, ಘಟ್ಟದಲ್ಲಿ ಮಾತ್ರ ಅರ್ಧ ಬೋಗಿಯ ಪ್ರಶ್ನೆಗೆ ಅದೂ ಸೇರಿಕೊಳ್ಳುತ್ತದೆ.

ಚಾಲಕ ಗಾಲಿಗಳ ಮೇಲಿನ ಭಾರ, ಗ್ರೇಟ್ ವಿಸ್ತೀರ್ಣ, ಹಬೆ ಹುಟ್ಟುವ ಮೇಲ್ಮೈ, ಸೂಪರ್‌ಹೀಟರ್ ಮೇಲ್ಮೈ, ಇಂಧನದ ಶಾಖಮೌಲ್ಯ ಇವು ಓಪನ್ ರೈಲ್ಸ್ ಹೊಸದಾಗಿ ಸೇರಿಸಿದ ಸಾಲುಗಳು, ಹಳೆಯ ಆಟದ ಕಡತದಲ್ಲಿ ಇರುವುದೇ ಇಲ್ಲ. ಇಲ್ಲದಿದ್ದರೆ ತಂತ್ರಾಂಶ ದೂರುವುದಿಲ್ಲ, ತಾನೇ ಒಂದು ಅಂದಾಜು ಹಾಕಿಕೊಂಡು ಮುಂದೆ ಹೋಗುತ್ತದೆ. ಇದೇ ದೊಡ್ಡ ಅಪಾಯ, ಏಕೆಂದರೆ ಗಾಡಿ ಚೆನ್ನಾಗಿಯೇ ಓಡುತ್ತದೆ. ಸೂಪರ್‌ಹೀಟ್ ಆಗದ ಎಂಜಿನ್ ಎಂದು ಅದು ಭಾವಿಸಿದರೆ ಹಬೆಯ ಖರ್ಚು ಏರಿ ಬಯಲಿನ ಹೊರೆ ತಗ್ಗುತ್ತದೆ. ಶಾಖಮೌಲ್ಯ ಬರೆಯದಿದ್ದರೆ ಒಳ್ಳೆಯ ದರ್ಜೆಯ ಕಲ್ಲಿದ್ದಲು ಎಂದೇ ಹಿಡಿಯುತ್ತದೆ, ನಮ್ಮ ಬೂದಿಗಲ್ಲಿನ ಎಂಟು ಬೋಗಿ–ಐದು ಬೋಗಿಯ ವ್ಯತ್ಯಾಸ ಅದಕ್ಕೆ ಗೊತ್ತೇ ಆಗುವುದಿಲ್ಲ.

ಬೋಗಿಗಳ ಕಡತವೂ ಅಷ್ಟೇ. ಹಳೆಯ ಆಟದ ‘ಫ್ರಿಕ್ಷನ್’ ಸಾಲುಗಳು ಬೋಗಿಯಿಂದ ಬೋಗಿಗೆ ಕಣ್ಣುಮುಚ್ಚಿ ನಕಲಾಗಿರುತ್ತವೆ. ಅವನ್ನು ನಂಬದೆ, ವೇಗಕ್ಕೆ ತಕ್ಕಂತೆ ಬೋಗಿಯ ತಡೆ ಲೆಕ್ಕ ಹಾಕುವ ಡೇವಿಸ್ ಸೂತ್ರದ ಮೂರು ಅಂಕಿಗಳನ್ನು ನೀವೇ ಕೊಡಿ. ಮೇಲಿನ ಕೈಲೆಕ್ಕದಲ್ಲಿ ಬಳಸಿದ್ದು ಟನ್ನಿಗೆ 2.5, ಅದಕ್ಕೆ ವೇಗದ 0.02 ಪಟ್ಟು, ವೇಗದ ವರ್ಗದ 0.0004 ಪಟ್ಟು. 32 ಟನ್ ಬೋಗಿಗೆ ತಂತ್ರಾಂಶ ಕೇಳುವ ಮಾನದಲ್ಲಿ ಅದು ಎ 785, ಬಿ 22.6, ಸಿ 1.63 ಆಗುತ್ತದೆ. ಬೇರಿಂಗ್ ಬಗೆಯ ಸಾಲಿನಲ್ಲಿ ‘ಫ್ರಿಕ್ಷನ್’ ಎಂದು ಬರೆದರೆ ನಿಂತ ಬೋಗಿಯ ಹೆಚ್ಚುವರಿ ತಡೆಯೂ ಬರುತ್ತದೆ, ‘ರೋಲರ್’ ಎಂದರೆ ತೀರಾ ಕಡಿಮೆ. ಒಂದು ಪದದ ಮೇಲೆ ಘಟ್ಟದಲ್ಲಿ ಒಂದು ಬೋಗಿ ನಿಂತಿದೆ.

ಹಿಡಿತದ ವಿಷಯದಲ್ಲಿ ತಂತ್ರಾಂಶದ್ದೇ ತಕರಾರು. ಅದು ಮೂಲದಲ್ಲಿ ಬಳಸುವ ಕರ್ಟಿಯಸ್–ಕ್ನಿಫ್ಲರ್ ಸೂತ್ರ ಜರ್ಮನಿಯ ವಿದ್ಯುತ್ ಎಂಜಿನ್ನುಗಳ ಪರೀಕ್ಷೆಯಿಂದ ಬಂದದ್ದು: ವೇಗಕ್ಕೆ 44 ಕೂಡಿಸಿ, 7.5ನ್ನು ಅದರಿಂದ ಭಾಗಿಸಿ, 0.161 ಸೇರಿಸಬೇಕು. ಒಣ ಹಳಿಯಲ್ಲಿ ನಿಂತ ಎಂಜಿನ್ನಿಗೆ 0.33 ಬರುತ್ತದೆ. ವೈಪಿಗೆ ಅದು ಹತ್ತು ಟನ್ನಿಗೂ ಮೇಲೆ, ಸಿಲಿಂಡರ್ ಕೊಡುವ ಸರಾಸರಿ ಎಳೆತಕ್ಕಿಂತ ಹೆಚ್ಚು. ಹಾಗಾಗಿ ಒಣ ದಿನದಲ್ಲಿ ಪರದೆಯ ಮೇಲಿನ ವೈಪಿ ಅಷ್ಟು ಸುಲಭವಾಗಿ ಜಾರುವುದಿಲ್ಲ, ನಿಜವಾದದ್ದು ಜಾರುತ್ತದೆ. ಮೋಟಾರು ಒಂದೇ ಸಮನೆ ತಿರುಗಿಸುವ ಗಾಲಿಗೂ ಎರಡು ಪಿಸ್ಟನ್ ಒದ್ದೊದ್ದು ತಿರುಗಿಸುವ ಗಾಲಿಗೂ ಒಂದೇ ಸೂತ್ರ ಹೇಗೆ ಹೊಂದೀತು? ಮದ್ದು ಸುಲಭ. ಸೂತ್ರದ ಅಂಕಿಗಳನ್ನು ಎಂಜಿನ್ ಕಡತದಲ್ಲೇ ಬದಲಿಸಬಹುದು. 0.161ನ್ನು 0.10 ಮಾಡಿದರೆ ನಿಂತಲ್ಲಿ 0.27, 20 ಕಿ.ಮೀ. ವೇಗದಲ್ಲಿ 0.22 ಬರುತ್ತದೆ. ಹಬೆ ಎಂಜಿನ್ನಿಗೆ ಇದು ಒಪ್ಪುತ್ತದೆ. ಆಯ್ಕೆಗಳಲ್ಲಿ ಸರಳ ನಿಯಂತ್ರಣದ ಗುರುತನ್ನು ತೆಗೆದು, ಸುಧಾರಿತ ಹಿಡಿತದ ಗುರುತನ್ನು ಹಾಕಿರಬೇಕು. ಇಲ್ಲದಿದ್ದರೆ ಈ ತಿದ್ದುಪಡಿ ವ್ಯರ್ಥ.

ಓಡಿಸಿ ನೋಡುವ ಕ್ರಮಕ್ಕೆ ಬರೋಣ. ಸಮತಟ್ಟಿನಲ್ಲಿ ಎಂಜಿನ್ ನಿಲ್ಲಿಸಿ, ಪರದೆಯಲ್ಲಿ ಗರಿಷ್ಠ ಎಳೆತ 82 ಕಿಲೋನ್ಯೂಟನ್ ಆಸುಪಾಸು ತೋರಿಸುತ್ತಿದೆಯೇ ನೋಡಿ. 41 ತೋರಿಸಿದರೆ ತ್ರಿಜ್ಯದ ಜಾಗದಲ್ಲಿ ವ್ಯಾಸವಿದೆ. ಇದು ಸರಿಯಾಗುವವರೆಗೆ ಒಂದು ಬೋಗಿಯನ್ನೂ ಕಟ್ಟಬೇಡಿ. ಆಮೇಲೆ ಏರಿಗೆ ಹೋಗಿ ಒಂದೊಂದೇ ಬೋಗಿ ಕಟ್ಟುತ್ತಾ, ಪ್ರತಿ ಸಲವೂ ನಡುವೆ ನಿಲ್ಲಿಸಿ ಮತ್ತೆ ಎಬ್ಬಿಸಿ. ಹೊರಡಲಾರದ ಹೊರೆಗಿಂತ ಒಂದು ಬೋಗಿ ಕಡಿಮೆ ಮಾಡಿದರೆ ಅದೇ ಘಟ್ಟದ ಉತ್ತರ. ಬೇರಿಂಗ್ ಬಿಸಿಯಾಗಿದ್ದಂತೆ ಶುರು ಮಾಡುವ ‘ಹಾಟ್ ಸ್ಟಾರ್ಟ್’ ಆಯ್ಕೆಯೊಂದಿದೆ. ಬೆಳಗಿನ ಮೊದಲ ಗಾಡಿಯ ಲೆಕ್ಕ ಬೇಕಿದ್ದರೆ ಅದರ ಗುರುತು ತೆಗೆದಿಡಿ.

ಬಯಲಿನ ಪರೀಕ್ಷೆಗೆ ತಾಳ್ಮೆ ಬೇಕು. ಬಾಯ್ಲರ್ ತುಂಬ ಬಿಸಿನೀರು, ಗ್ರೇಟ್ ತುಂಬ ಕೆಂಡ ಇರುವಾಗ ಯಾವ ಎಂಜಿನ್ನಾದರೂ ಹತ್ತು ನಿಮಿಷ ಸಾಲ ಮಾಡಿ ಓಡುತ್ತದೆ. ನೀರಿನ ಮಟ್ಟ ಇಳಿದು ಇಂಜೆಕ್ಟರ್ ಬಿಟ್ಟಾಗ ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ. ಆದ್ದರಿಂದ ಒತ್ತಡ, ನೀರು, ವೇಗ ಮೂರೂ ಅರ್ಧ ಗಂಟೆ ಅಲ್ಲಾಡದೆ ನಿಂತರೆ ಮಾತ್ರ ಆ ಹೊರೆ ಒಪ್ಪಬೇಕು. 40 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ಎಂದರೆ 20 ಕಿ.ಮೀ. ಒಂದೇ ಸಮನಾದ ಏರು ಬೇಕು. ಸಿದ್ಧ ಮಾರ್ಗಗಳಲ್ಲಿ ಅಂಥದ್ದು ಸಿಗುವುದು ಕಷ್ಟ, ಟಿಎಸ್‌ಆರ್‌ಇ5 ಎಂಬ ಮಾರ್ಗ ಕಟ್ಟುವ ತಂತ್ರಾಂಶದಲ್ಲಿ ನೇರವಾದ ಬೋಳು ಹಳಿಯೊಂದನ್ನು ಹಾಸಿಕೊಳ್ಳುವುದೇ ಮೇಲು. ರೆಗ್ಯುಲೇಟರ್ ಪೂರ್ತಿ ತೆರೆದು ವೇಗವನ್ನು ಕಟ್‌-ಆಫ್‌ನಿಂದಲೇ ಹಿಡಿಯಿರಿ. ಅರ್ಧ ತೆರೆದ ರೆಗ್ಯುಲೇಟರ್, ಉದ್ದ ಕಟ್‌-ಆಫ್ ಸೇರಿದರೆ ಅದೇ ಎಳೆತಕ್ಕೆ ಹಬೆ ಜಾಸ್ತಿ ಕುಡಿಯುತ್ತದೆ.

ಇನ್ನೊಂದು ಕೊರತೆ, ಸ್ವಯಂಚಾಲಿತ ಫೈರ್‌ಮನ್ ತೀರಾ ಸಂಭಾವಿತ. ಅವನಿಗೆ ಬೆವರಿಲ್ಲ, ಬೆಂಕಿಯಲ್ಲಿ ಕಿಟ್ಟ ಕಟ್ಟುವುದಿಲ್ಲ, ಕೊಳವೆಗಳಲ್ಲಿ ಮಸಿ ತುಂಬುವುದಿಲ್ಲ, ಗಡಸು ನೀರಿನಿಂದ ಬಾಯ್ಲರಿನಲ್ಲಿ ಪೊರೆ ಏಳುವುದಿಲ್ಲ. ಕಂಟ್ರೋಲ್ ಹಿಡಿದು ಎಫ್ ಒತ್ತಿ ಸಲಿಕೆಯನ್ನು ನೀವೇ ಹಿಡಿದರೆ ಅರಿವು ಬರುತ್ತದೆ, ಆದರೆ ರೆಗ್ಯುಲೇಟರೂ ನಿಮ್ಮದೇ ಆಗಿರುವುದರಿಂದ ಅಳತೆ ಕೆಡುತ್ತದೆ. ಅವನನ್ನೇ ಇಟ್ಟುಕೊಂಡು, ಬಂದ ಹೊರೆಯಲ್ಲಿ ನೂರಕ್ಕೆ ಹದಿನೈದು ಕಳೆಯುವುದು ಹೆಚ್ಚು ಪ್ರಾಮಾಣಿಕ. ಕೈಪಿಡಿ ಇಂಗ್ಲಿಷಿನಲ್ಲಿದೆ, ಉದ್ದವಾಗಿದೆ, ಆದರೆ ಹಬೆ ಎಂಜಿನ್ನಿನ ಅಧ್ಯಾಯ ಓದಲೇಬೇಕಾದ್ದು.

ಯಾರಿಗೆ ಬೇಕು ಇದು? ಘಟ್ಟದ ಹೊರೆಯಷ್ಟೇ ಬೇಕಿದ್ದವರಿಗೆ ಬೇಡ. ಅಲ್ಲಿ ಆಳುವುದು ಹಳಿ, ಮೇಲಿನ ಭಾಗಾಕಾರ ಹದಿನೈದು ನಿಮಿಷದ ಕೆಲಸ. 60ರ ಮೇಲಿನ ವೇಗಕ್ಕೂ 270ರ ಸೂತ್ರ ಹತ್ತಿರ ಹತ್ತಿರ ಸಾಕು. 20ರಿಂದ 40ರ ನಡುವೆ, ಏರು ಇಳಿವು ಬೆರೆತ ಹಾದಿಯಲ್ಲಿ, ಎಂಟನೇ ಬೋಗಿ ಕಟ್ಟುವುದೋ ಬಿಡುವುದೋ ಎಂದು ತೀರ್ಮಾನಿಸಬೇಕಾದವರು ಮಾತ್ರ ಇಳಿಸಿಕೊಳ್ಳಲಿ, ಒಂದು ವಾರಾಂತ್ಯವನ್ನು ಕಡತ ತಿದ್ದಲಿಕ್ಕೆಂದೇ ಎತ್ತಿಡಲಿ.